ರ‍್ಯಾಮಿನ ಕಚ್ಚು

“ಬ್ಯಾಡ್ರಿ ಮಾವಾ, ಈ ರ‍್ಯಾಮ್ ನಮ್ಮ ಲ್ಯಾಪ್‌ಟಾಪಿಗೆ ಹೊಂದೋದಲ್ಲ. ತಪ್ಪಿ ಬಂದೈತೆ. ವಾಪಸ್ ಕಳಿಸಿದ್ರೆ ಎರಡು ದಿನಕ್ಕೆ ಸರಿಯಾದದ್ದು ಬರ್ತೈತೆ” ಎಂದು ರೂಪಶ್ರೀ ಹೇಳಿ ಮುಗಿಸುವಷ್ಟರಲ್ಲಿ ವಾಮದೇವಪ್ಪ ಸೊಸೆಯ ಪುಟ್ಟ ಲ್ಯಾಪ್‌ಟಾಪನ್ನು ಪಡಸಾಲೆಯಲ್ಲಿ ಬೋರಲು ಹಾಕಿ ಹನ್ನೊಂದು ಸ್ಕ್ರೂ ಬಿಚ್ಚಿಯಾಗಿತ್ತು. ಹಳೆಯ ರ‍್ಯಾಮ್ ಕಿತ್ತು, ಕೊರಿಯರಿನಲ್ಲಿ ಬಂದ ಹೊಸದನ್ನು ಆ ಜಾಗಕ್ಕೆ ಒತ್ತಿದ. ಕೂರಲಿಲ್ಲ. ರ‍್ಯಾಮಿನ ಅಂಚಿನ ಕಚ್ಚಿಗೂ ಸ್ಲಾಟಿನೊಳಗಿನ ಸಣ್ಣ ಉಬ್ಬಿಗೂ ಒಂದು ಜೋಳದ ಕಾಳಿನಷ್ಟು ಅಂತರ.

ಜೋಳದ ಕಾಳು ವಾಮದೇವಪ್ಪನಿಗೆ ಯಾವ ಲೆಕ್ಕ. ಹರಿಹರದ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಫಿಟ್ಟರ್ ಆಗಿದ್ದ ಮನುಷ್ಯ. ಅವನ ಕೈಯಲ್ಲಿ ಅರ ಕಂಡರೆ ಸಾಕು, ಕಬ್ಬಿಣ ಹೆದರಿ ತಾನಾಗಿಯೇ ಸವೆದುಕೊಳ್ಳುತ್ತಿತ್ತು. ಒಮ್ಮೆ ಜರ್ಮನಿಯ ಯಂತ್ರವೊಂದರ ಬಾಗಿಲು ಹೊಂದದೆ ಅಲ್ಲಿಂದಲೇ ಬಂದ ಮೂವರು ಎಂಜಿನಿಯರುಗಳು ತಲೆಯ ಮೇಲೆ ಕೈಹೊತ್ತು ಕೂತಿದ್ದರು. ವಾಮದೇವಪ್ಪ ಅರ ಆಡಿಸಿದ್ದು ನಾಲ್ಕೇ ಸಲ. ಬಾಗಿಲು ಕೂತ ಸದ್ದು ತುಂಗಭದ್ರೆಯ ಆಚೆ ದಡಕ್ಕೂ ಕೇಳಿಸಿತು. ಆ ಮೂವರಲ್ಲಿ ಒಬ್ಬ ಊರಿಗೆ ಹೋಗಿ ತನ್ನ ಮಗನಿಗೆ ವಾಮದೇವಪ್ಪ ಎಂದೇ ಹೆಸರಿಟ್ಟ. ನಂಬದವರು ಜರ್ಮನಿಗೆ ಹೋಗಿ ವಿಚಾರಿಸಬಹುದು.

“ಎರಡು ದಿನ ಯಾಕವ್ವಾ, ಎರಡು ನಿಮಿಷದ ಕೆಲಸ” ಎನ್ನುತ್ತ ಅವನು ಪೆಟ್ಟಿಗೆಯಿಂದ ಬೆರಳುದ್ದದ ಅರ ತೆಗೆದ.

“ಸೋಮವಾರ ನಕ್ಷೆ ಕೊಡಬೇಕ್ರಿ. ಏನಾರ ಆದ್ರೆ…”

“ಅದಕ್ಕೇ ಮತ್ತೆ. ನಿನ್ನ ಕೆಲಸ ನಿಲ್ಲಬಾರದು ಅಂತಾನೇ.”

ಮದುವೆಯಾಗಿ ನಾಲ್ಕು ವರ್ಷಕ್ಕೆ ರೂಪಶ್ರೀಗೆ ಸಿಕ್ಕ ಮೊದಲ ಕೆಲಸ ಅದು. ದಾವಣಗೆರೆಯ ಎಸ್.ಎಸ್. ಬಡಾವಣೆಯ ಎಂಜಿನಿಯರ್ ಒಬ್ಬರು ಮನೆಯೊಂದರ ನಕ್ಷೆ ಬಿಡಿಸಲು ಕೊಟ್ಟಿದ್ದರು. ಆದರೆ ನಕ್ಷೆಯಲ್ಲಿ ಮೆಟ್ಟಿಲು ಹತ್ತಿಸಿ ಎರಡನೇ ಮಹಡಿಗೆ ಹೊರಟರೆ ಲ್ಯಾಪ್‌ಟಾಪು ಏದುಸಿರು ಬಿಟ್ಟು ನಿಲ್ಲುತ್ತಿತ್ತು. ಅದು ಮತ್ತೆ ಏಳುವಷ್ಟರಲ್ಲಿ ನಿಜವಾದ ಮನೆಯನ್ನೇ ಕಟ್ಟಿ ಗೃಹಪ್ರವೇಶ ಮುಗಿಸಬಹುದಿತ್ತು. ಅದರ ನೆನಪಿನ ಶಕ್ತಿ ಹೆಚ್ಚಿಸಲೆಂದೇ ಹೊಸ ರ‍್ಯಾಮ್. ಒಂದು ಸಲ ಬೇಡ ಎಂದಾಗಿತ್ತು. ಮಾವನಿಗೆ ಎರಡನೇ ಸಲ ಬೇಡ ಎನ್ನುವ ರೂಢಿ ಆ ಮನೆಯಲ್ಲಿರಲಿಲ್ಲ.

ಹಳೆಯ ಕಚ್ಚಿನ ಪಕ್ಕ ಹೊಸ ಕಚ್ಚು ಬಿತ್ತು. ಬಂಗಾರದ ಬಣ್ಣದ ನಾಲ್ಕು ಪುಟ್ಟ ಹಲ್ಲು ಪುಡಿಯಾಗಿ ಉದುರಿದವು. ಈ ಸಲ ರ‍್ಯಾಮ್, ಹುಟ್ಟಿದ್ದೇ ಅಲ್ಲಿ ಎಂಬಂತೆ ಟಕ್ಕನೆ ಕೂತಿತು. ವಾಮದೇವಪ್ಪ ಮೀಸೆ ಸವರಿ “ಹಾಕವ್ವ ಸ್ವಿಚ್ಚು” ಎಂದ. ನೀಲಿ ದೀಪ ಒಮ್ಮೆ ಕಣ್ಣು ಮಿಟುಕಿಸಿತು. ಸುಟ್ಟ ವಾಸನೆ ಬಂತು. ಆಮೇಲೆ ದೀಪವೂ ಇಲ್ಲ, ಏನೂ ಇಲ್ಲ.

ಮಧ್ಯಾಹ್ನ ದಾವಣಗೆರೆಯ ಪಿ.ಜೆ. ಬಡಾವಣೆಯ ರಿಪೇರಿ ಅಂಗಡಿಯಲ್ಲಿ ತಾರಿಕ್ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದ.

“ಇದನ್ನ ಕೊರೆದೋರು ಯಾರ್ರೀ?”

“ನಾನೇ.”

“ಏನ್ ಕೈ ಯಜಮಾನ್ರೇ ನಿಮ್ದು. ಕಂಪನಿಯೋರೂ ಇಷ್ಟು ನೀಟಾಗಿ ಕೊರೆಯಲ್ಲ.”

“ಮತ್ಯಾಕ ಚಾಲೂ ಆಗ್ಲಿಲ್ಲ?”

ತಾರಿಕ್ ಕನ್ನಡಿ ಕೆಳಗಿಟ್ಟ. “ಒಂದೊಂದು ನಮೂನಿ ರ‍್ಯಾಮಿಗೆ ಒಂದೊಂದು ಕಡೆ ಕಚ್ಚು ಇಟ್ಟಿರ್ತಾರೆ. ಕೂಡ್ಲಿ ಅಂತಲ್ಲ, ಬ್ಯಾರೇದು ಕೂಡಬಾರದು ಅಂತ. ಅದು ‘ಬ್ಯಾಡ’ ಅಂತಿತ್ತು ಯಜಮಾನ್ರೇ. ನೀವು ಅದನ್ನೇ ಉಜ್ಜಿಬಿಟ್ರಿ. ಬೋರ್ಡ್ ಸುಟ್ಟೈತೆ. ಅಕ್ಕಾರ ನಕ್ಷೆ ಉಳಿದಾವೆ, ಪೆನ್‌ಡ್ರೈವಿಗೆ ಹಾಕಿ ಕೊಡ್ತೀನಿ.”

ರೂಪಶ್ರೀ ಹೊರಗೆ ಹೋಗಿ ಎಂಜಿನಿಯರಿಗೆ ಫೋನ್ ಮಾಡಿ ನಾಲ್ಕು ದಿನ ಹೆಚ್ಚಿಗೆ ಕೇಳಿದಳು. ಒಳಗೆ ಬಂದು “ಬ್ಯಾರೇರಿಗೆ ಕೊಡ್ತಾರಂತೆ” ಎಂದಷ್ಟೇ ಹೇಳಿದಳು.

ಹರಿಹರದ ಬಸ್ಸಿನಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು. ಜರ್ಮನಿಯನ್ನು ನಡುಗಿಸಿದ ಕೈಗಳು ತೊಡೆಯ ಮೇಲೆ ಸುಮ್ಮನೆ ಬಿದ್ದಿದ್ದವು. ಊರು ದಾಟಿದ ಮೇಲೆ ವಾಮದೇವಪ್ಪ ಕೇಳಿದ:

“ನೀನು ಮೊದಲೇ ಬ್ಯಾಡ ಅಂದಿದ್ದೆ, ಅಲ್ಲ?”

“ಹೂಂ ರೀ.”

“ನನಗೆ ಕೇಳಿಸದಂಗೆ ಇನ್ನೇನೇನು ಬ್ಯಾಡ ಅಂದೀಯವ್ವಾ, ಇಷ್ಟು ವರ್ಷ?”

ರೂಪಶ್ರೀ ಕಿಟಕಿಯಾಚೆ ನೋಡುತ್ತಲೇ ಕಿರುಬೆರಳು ಮಡಚಿ, ಮೆಲ್ಲಗೆ ಎಣಿಸಲು ಶುರು ಮಾಡಿದಳು. ಬಸ್ಸು ಹರಿಹರದ ನಿಲ್ದಾಣ ಮುಟ್ಟಿದಾಗ ಅವಳು ಎರಡನೇ ಕೈಗೆ ಬಂದಿದ್ದಳು.