ಇಡ್ಲಿ ಹಿಟ್ಟಿನ ಪ್ರಶ್ನೆ

'ಈ ಪ್ರಶ್ನೆಯನ್ನು ಮುಚ್ಚಲಾಗಿದೆ' ಎಂಬ ಸಾಲು ಮೊಬೈಲಿನಲ್ಲಿ ಮತ್ತೆ ಮೂಡಿದಾಗ ಹೃಷೀಕೇಶ ಭಟ್ಟರಿಗೆ ಮೈಯೆಲ್ಲ ಉರಿದುಹೋಯಿತು. ಅಡುಗೆಯವರ ಆ ಪ್ರಶ್ನೋತ್ತರ ಜಾಲತಾಣದಲ್ಲಿ ಅವರು ಕೇಳಿದ್ದಾದರೂ ಏನು? ಹೋಟೆಲನ್ನು ಡೊಂಬಿವಲಿಯಿಂದ ಕಳಂಬೋಲಿಗೆ ತಂದ ಮೇಲೆ, ಅದೇ ಅಕ್ಕಿ, ಅದೇ ಉದ್ದು, ಅದೇ ಗ್ರೈಂಡರ್ ಇದ್ದರೂ ಇಡ್ಲಿ ಹಿಟ್ಟು ಯಾಕೆ ಉಬ್ಬುತ್ತಿಲ್ಲ ಎಂದು. 'ಇದನ್ನು ಹಿಂದೆಯೇ ಕೇಳಲಾಗಿದೆ' ಎಂದು ಜಾಲತಾಣದವರು ತೋರಿಸಿದ ಹಳೆಯ ಪ್ರಶ್ನೆ ಚಳಿಗಾಲದ ಹಿಟ್ಟಿನದು. ಇಲ್ಲಿ ಮೇ ತಿಂಗಳ ಸೆಕೆಗೆ ಫ್ಯಾನಿನ ಗಾಳಿಯೂ ಬಿಸಿ!

ಪ್ರಶ್ನೆ ಮತ್ತೆ ತೆರೆಯಲು ಐವರು ಸದಸ್ಯರ ಮತ ಬೇಕಿತ್ತು. ಭಟ್ಟರು ಅಡುಗೆಯವರನ್ನೂ ಸಪ್ಲೈಯರುಗಳನ್ನೂ ಕೂರಿಸಿ, ಹೋಟೆಲಿನ ವೈಫೈಯಲ್ಲೇ ಖಾತೆ ತೆರೆಸಿ ಮತ ಹಾಕಿಸಿದ್ದರು. 'ಐದೂ ಮತ ಒಂದೇ ಕಡೆಯಿಂದ ಬಂದಿವೆ' ಎಂದು ಈಗ ಭಟ್ಟರ ಖಾತೆಗೂ ಬೀಗ ಬಿದ್ದಿತ್ತು. "ಕೇಳಿದ್ದಕ್ಕೆ ಉತ್ತರ ಕೊಡ್ಲಿಕ್ಕೆ ಇವರಿಗೇನು ರೋಗ?" ಎನ್ನುತ್ತ ಮೊಬೈಲನ್ನು ಗಲ್ಲಾದ ಮೇಲೆ ಕುಕ್ಕಿದರು.

ಆಗಲೇ ಚೆನ್ನಯ ತಟ್ಟೆ ಹಿಡಿದು ಬಂದ. ಕಬ್ಬಿಣದ ಮಾರ್ಕೆಟಿನಲ್ಲಿ ಕೆಲಸ ಮಾಡುವ ಅವನು ಇಲ್ಲಿ ಹೋಟೆಲ್ ತೆರೆದ ದಿನದಿಂದ ತಪ್ಪದೆ ಬರುವ ಗಿರಾಕಿ. ಇಡ್ಲಿಯಲ್ಲಿ ಚುಚ್ಚಿದ ಚಮಚ ನೆಟ್ಟಗೆ ನಿಂತಿತ್ತು.

"ಭಟ್ರೇ, ಇಡ್ಲಿ ಯಾಕೆ ಹೀಗೆ ಗಟ್ಟಿ ಆಗ್ತಾ ಉಂಟು?"

ಭಟ್ಟರು ತಲೆ ಎತ್ತಲಿಲ್ಲ. "ಅದನ್ನು ಮೊನ್ನೆಯೇ ಒಬ್ರು ಕೇಳಿ ಆಗಿದೆ ಮಾರಾಯ."

ಚೆನ್ನಯ ತಟ್ಟೆಯನ್ನು ಮೊಬೈಲಿನ ಪಕ್ಕ ಮೆಲ್ಲಗೆ ಇಟ್ಟು, ಎದುರಿನ ವಡಾಪಾವ್ ಗಾಡಿಯ ಕಡೆಗೆ ರಸ್ತೆ ದಾಟಿದ.