ಬೇರೆದ್ದ ಅಂಕಣ

ಅಧಿಕಾರಿ ಮತ್ತೊಮ್ಮೆ ಚಪ್ಪಾಳೆ ತಟ್ಟಿದರು. ಬಲೆಯ ಈಚೆ ರ‍್ಯಾಕೆಟ್ ಹಿಡಿದು ನಿಂತಿದ್ದ ಕೋಚಮ್ಮನಿಗೆ ಬೆನ್ನ ಮೇಲೆ ಗುದ್ದಿದ ಹಾಗಾಯಿತು. ಆಟ ಸೊಗಸಾಗಿ ಸಾಗುತ್ತಿತ್ತು. ಇವತ್ತು ಅದು ಹಾಗೆ ಸಾಗಲೇಬಾರದಿತ್ತು. ಅಧಿಕಾರಿ ಬಂದಿದ್ದು ಈ ಟೆನಿಸ್ ಅಂಕಣ ಎಷ್ಟು ಕೆಟ್ಟಿದೆ ಎಂದು ನೋಡುವುದಕ್ಕೆ.

ಅಂಕಣ ಪುರಸಭೆಯದು. ಈ ವರ್ಷ ದುರಸ್ತಿಯಾಗದಿದ್ದರೆ ಮುಚ್ಚಿ, ವಾಹನ ನಿಲ್ಲಿಸಲು ಕೊಟ್ಟುಬಿಡುತ್ತೇವೆ ಎಂದು ಅಲ್ಲಿಂದ ಹೇಳಿಯಾಗಿತ್ತು. ಬಡಾವಣೆಯವರಿಗೆ ಇಲ್ಲಿ ಆಟ ಕಲಿಸುವ ಕೋಚಮ್ಮ ಹಣಕ್ಕಾಗಿ ಹತ್ತದ ಮೆಟ್ಟಿಲಿಲ್ಲ. ಬ್ಯಾಂಕಿನವರು ಪುರಸಭೆಗೆ ಹೋಗಿ ಎಂದರು, ಪುರಸಭೆಯವರು ಬ್ಯಾಂಕಿಗೆ ಹೋಗಿ ಎಂದರು. ಅಂಗಡಿಯವರು, ಟೆನಿಸ್ ಉಳ್ಳವರ ಆಟ ತಾನೇ, ನೀವೇ ಹಾಕಿಕೊಳ್ಳಿ ಎಂದು ನಕ್ಕು ಕಳಿಸಿದರು; ಇಲ್ಲಿ ಆಡುವವರಲ್ಲಿ ಅರ್ಧ ಜನ ಅದೇ ಅಂಗಡಿಗಳಲ್ಲಿ ಕೆಲಸಕ್ಕಿದ್ದವರು. ಕೊನೆಗೆ ಕಾರ್ಖಾನೆಯೊಂದರ ದತ್ತಿನಿಧಿ ಕಿವಿಗೊಟ್ಟಿತು. ಅದರ ಅಧಿಕಾರಿ ಇವತ್ತು ನೋಡಿ ನಾಳೆ ವರದಿ ಕೊಡುತ್ತಾರೆ. ಮಾಡು ಸೋರುವ ಗ್ರಂಥಾಲಯವೊಂದು ಅದೇ ಹಣಕ್ಕೆ ಕಾದು ಕುಳಿತಿದೆ.

ಎದುರು ಆಡುತ್ತಿದ್ದ ಮೈದುನನಿಗೆ ಅವಳು ಬೆಳಿಗ್ಗೆಯೇ ಹೇಳಿಕೊಟ್ಟಿದ್ದಳು: ಚೆಂಡನ್ನು ಬಿರುಕುಗಳ ಮೇಲೇ ಹಾಕು, ಅಡ್ಡಾದಿಡ್ಡಿ ಪುಟಿಯಲಿ, ಅವರ ಕಣ್ಣಿಗೆ ಬೀಳಲಿ. ಆದರೆ ಇಬ್ಬರೂ ಈ ನೆಲದಲ್ಲೇ ಆಡಿ ಪಳಗಿದವರು. ಬಿರುಕು ತಪ್ಪಿಸಿ ಹೊಡೆಯುವುದು ಉಸಿರಾಟದಷ್ಟು ರೂಢಿಯಾಗಿಬಿಟ್ಟಿತ್ತು. ಕಾಲು ಕೂಡ ಕಣ್ಣಿನ ಅಪ್ಪಣೆ ಕೇಳದೆ ಗುಂಡಿ ದಾಟುತ್ತಿತ್ತು. ನೀರು ಕುಡಿಯುವ ನೆಪದಲ್ಲಿ ಬಲೆಯ ಹತ್ತಿರ ಬಂದ ಮೈದುನ ಏದುಸಿರು ಬಿಡುತ್ತ, "ಕೈ ಮಾತು ಕೇಳ್ತಿಲ್ಲ ಅತ್ತಿಗೆ" ಎಂದ.

"ಪಾತ್ರೆ ತೊಳಿ ಅಂದ್ರೆ ಮನೇಲೂ ಅದೇ ಹೇಳ್ತೀಯ."

ಆಟ ನಿಲ್ಲಿಸಿ ಅವಳೇ ಅಧಿಕಾರಿಯನ್ನು ಕರೆದೊಯ್ದು ಒಂದೊಂದೇ ಬಿರುಕು ತೋರಿಸಿದಳು. ಅವರು ಬಗ್ಗಿ ನೋಡಿ, ನಮ್ಮ ಮನೆಯ ತಾರಸಿಯಲ್ಲಿ ಇದಕ್ಕಿಂತ ದೊಡ್ಡವಿವೆ, ಅದರ ಕೆಳಗೇ ಮಲಗುತ್ತೇವೆ ಎಂದರು. ಗ್ರಂಥಾಲಯದಲ್ಲಿ ಪುಸ್ತಕಗಳು ನೆನೆದು ಉಬ್ಬಿದ್ದನ್ನು ಕಂಡು ಬಂದದ್ದಾಗಿಯೂ ಹೇಳಿದರು. ಇನ್ನು ತೋರಿಸಲು ಉಳಿದದ್ದು ಆಚೆ ತುದಿಯ ಎಡಮೂಲೆ ಒಂದೇ. ಗೋಡೆಯಾಚೆಯ ಮರದ ಬೇರು ಅಲ್ಲಿ ಸಿಮೆಂಟನ್ನು ನಾಲ್ಕು ಬೆರಳೆತ್ತರ ಎಬ್ಬಿಸಿತ್ತು. ಉಬ್ಬಿನ ಮೇಲೂ ಅದೇ ಹಸಿರು ಬಣ್ಣ ಬಳಿದದ್ದರಿಂದ, ಇಳಿಹೊತ್ತಿನ ನೆರಳಿನಲ್ಲಿ ತಿಳಿಯದವರಿಗೆ ಅದು ಕಾಣುತ್ತಿರಲಿಲ್ಲ. ಅತ್ತ ಕೈ ತೋರಿಸಬೇಕು ಎನ್ನುವಷ್ಟರಲ್ಲಿ ಅಧಿಕಾರಿ ಕೋಟು ಕಳಚಿ ಕುರ್ಚಿಗೆ ಹಾಕಿದರು.

"ಕಾಲೇಜಿನಲ್ಲಿ ಆಡ್ತಿದ್ದೆ. ರ‍್ಯಾಕೆಟ್ ಕೊಡಿ, ಒಂದು ಕೈ ನೋಡೇಬಿಡೋಣ."

ಅವರು ನಡೆದದ್ದು ಆ ತುದಿಗೇ. ಕೋಚಮ್ಮ ಬಾಯಿ ತೆರೆಯುವ ಮೊದಲೇ ಮೈದುನ ಪಕ್ಕಕ್ಕೆ ಬಂದು ನಿಂತ.

"ಸುಮ್ನಿರಿ ಅತ್ತಿಗೆ. ಒಂದೇ ಒಂದು ಸಲ ಎಡವಲಿ. ತಾರಸಿ ಮಾತು ಮರೆತೇ ಹೋಗುತ್ತೆ."

"ವಯಸ್ಸಾದೋರು ಕಣೋ. ಮಂಡಿ ಮುರಿದ್ರೆ?"

"ನಿಮ್ಮ ಮಂಡಿ ಹೋದಾಗ ಯಾರು ಬಂದು ನೋಡಿದ್ರು?"

ಅವಳ ಎಡಮಂಡಿಗೆ ಪೆಟ್ಟಾದದ್ದು ಅದೇ ಬೇರಿನಿಂದ. ಈಗಲೂ ಚಳಿ ಬಿದ್ದರೆ ನೋಯುತ್ತದೆ. ಅವಳು ಹೋಗಿ ಬಲೆಯ ಕಂಬ ಹಿಡಿದು ನಿಂತಳು.

ಅಧಿಕಾರಿಯ ಆಟ ಅಷ್ಟೇನೂ ತುಕ್ಕು ಹಿಡಿದಿರಲಿಲ್ಲ. ತಪ್ಪಿದಾಗ ತಮ್ಮನ್ನೇ ಬೈದುಕೊಂಡು ನಗುತ್ತಿದ್ದರು. ಎರಡು ಸಲ ಎಡಮೂಲೆಯ ಹತ್ತಿರದವರೆಗೆ ಹೋಗಿ ಮುಂದೆ ಬಂದರು. ಆಗೆಲ್ಲ ಕೋಚಮ್ಮ ಉಸಿರು ಬಿಗಿಹಿಡಿದು ಬಿಟ್ಟಳು. ಬಿಟ್ಟದ್ದು ನೆಮ್ಮದಿಗೋ ನಿರಾಸೆಗೋ ಅವಳಿಗೇ ತಿಳಿಯಲಿಲ್ಲ. ಅಷ್ಟರಲ್ಲಿ ಮೈದುನ ಒಂದು ಚೆಂಡನ್ನು ಆಕಾಶಕ್ಕೆ ಎತ್ತಿದ. ಇಷ್ಟು ಹೊತ್ತು ಮಾತು ಕೇಳದ ಕೈ ಈಗ ಕೇಳಿತ್ತು. ಚೆಂಡು ಹೊರಟದ್ದು ನೇರ ಎಡಮೂಲೆಗೆ. ಅಧಿಕಾರಿ ಮುಖ ಮೇಲೆತ್ತಿ, ಅದನ್ನೇ ನೋಡುತ್ತ ಹಿಂದೆ ಹಿಂದೆ ಹೆಜ್ಜೆ ಇಟ್ಟರು.

"ನಿಲ್ಲಿ ಸಾರ್, ಹಿಂದೆ ಬೇರು!" ಕೋಚಮ್ಮ ಕೂಗಿದಳು.

ಅವರು ನಿಂತರು. ಚೆಂಡು ಅವರ ಬೆನ್ನ ಹಿಂದೆ ಉಬ್ಬಿಗೆ ಬಡಿದು, ಅಡ್ಡಕ್ಕೆ ಸಿಡಿದು ಗೋಡೆಗೆ ಹೊಡೆಯಿತು. ಅವರು ತಿರುಗಿ, ತಮ್ಮ ಹಿಮ್ಮಡಿಗೂ ಉಬ್ಬಿಗೂ ನಡುವೆ ಉಳಿದಿದ್ದ ಗೇಣು ಜಾಗವನ್ನು ನೋಡಿದರು. ಬಗ್ಗಿ ಅಂಗೈಯಿಂದ ಸವರಿದರು. ಆಮೇಲೆ ತಲೆ ಎತ್ತಿದರು.

"ಇದು ಇಲ್ಲಿದೆ ಅಂತ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

"ನಾನು ಆಡ್ತೀನಿ ಅಂದಾಗಲೂ?"

ಕೋಚಮ್ಮ ಹೌದೆಂದು ತಲೆಯಾಡಿಸಿದಳು. ಮೈದುನ ರ‍್ಯಾಕೆಟ್ಟಿನ ತಂತಿ ಸರಿಮಾಡುವವನಂತೆ ತಲೆ ತಗ್ಗಿಸಿದ.

ಅಧಿಕಾರಿ ಕೋಟು ಹಾಕಿದ್ದ ಕುರ್ಚಿಯ ಕಡೆ ಹೊರಟರು. ಆದರೆ ಒಂದೊಂದು ಹೆಜ್ಜೆ ಇಡುವ ಮುನ್ನವೂ ರ‍್ಯಾಕೆಟ್ಟಿನ ತುದಿಯಿಂದ ಮುಂದಿನ ನೆಲವನ್ನು ತಟ್ಟಿ ನೋಡುತ್ತಿದ್ದರು.

"ಅಲ್ಲೆಲ್ಲ ಸಮ ಇದೆ ಸಾರ್," ಎಂದಳು ಕೋಚಮ್ಮ. "ಧೈರ್ಯವಾಗಿ ಬನ್ನಿ."

ಅವರು ಅವಳ ಮುಖವನ್ನು ಒಮ್ಮೆ ನೋಡಿ, ಮತ್ತೆ ನೆಲ ತಟ್ಟಿದರು.