ಒಣ ನೆಲ

ಅಣೆಕಟ್ಟಿನ ಹೊಟ್ಟೆಯೊಳಗಿನ ಸುರಂಗದ ಬಾಗಿಲು ತೆರೆದವಳೇ ಸುರಕ್ಷತಾ ಎಂಜಿನಿಯರ್ ಹೊಸ್ತಿಲಲ್ಲೇ ನಿಂತುಬಿಟ್ಟಳು. ನೆಲ ಒಣಗಿತ್ತು. ಕಟ್ಟಿದಂದಿನಿಂದ ಜುಳುಜುಳು ಅನ್ನುತ್ತಿದ್ದ ಬದಿಯ ಚರಂಡಿ ತುಟಿಪಿಟಕ್ಕೆನ್ನುತ್ತಿರಲಿಲ್ಲ. ಗೋಡೆಗೆ ಹೊಸದಾಗಿ ತಿಳಿನೀಲಿ ಬಣ್ಣ ಬಳಿದಿದ್ದರು. ಮಗಳ ಬಾಣಂತನಕ್ಕೆ ರಜೆ ಹಾಕಿದ್ದವಳು ಅಂದು ಬೆಳಿಗ್ಗೆಯಷ್ಟೇ ಕೆಲಸಕ್ಕೆ ಮರಳಿದ್ದಳು.

"ಹೇಗಿದೆ ನಮ್ಮ ಸುರಂಗ?" ಎಂದರು ಹಿಂದೆ ನಿಂತಿದ್ದ ಆಡಳಿತಾಧಿಕಾರಿ. ಎಂಥ ತೊಂದರೆ ಬಂದರೂ ಮೊದಲು ಪೇಂಟರನ್ನು ಕರೆಸುವ ಅವರಿಗೆ ಕಚೇರಿಯವರು ಇಟ್ಟ ಹೆಸರು ಸುಣ್ಣಬಣ್ಣ ಸಾಹೇಬರು. "ಹೊಳೆಯ ಕೆಳಗಿನ ದೇಶದವರು ಪ್ರತಿ ವರ್ಷ ಬಂದು ಪಾಚಿ, ಕೆಸರು, ಕಾಲು ಜಾರ್ತು ಅಂತ ಬರೀತಾರಲ್ಲ, ಈ ಸಲ ಬರೀಲಿ ನೋಡೋಣ! ಆ ಸೋರೋ ಕೊಳವೆಗಳಿಗೆಲ್ಲ ರಬ್ಬರ್ ಬಿರಡೆ ಜಡಿಸಿಬಿಟ್ಟೆ."

ಅವಳು ಗಕ್ಕನೆ ಅವರ ಕಡೆ ತಿರುಗಿದಳು. "ಸಾರ್, ಅವು ಸೋರ್ಲಿ ಅಂತಲೇ ಇಟ್ಟಿರೋದು. ಅಣೆಕಟ್ಟಿನ ಬುಡಕ್ಕೆ ನುಗ್ಗೋ ನೀರು ಅಲ್ಲಿಂದ ಹೊರಗೆ ಬರ್ಬೇಕು. ದಾರಿ ಕಟ್ಟಿದ್ರೆ ಅದು ಕೆಳಗಿಂದ ಅಣೆಕಟ್ಟನ್ನೇ ಎತ್ತೋಕೆ ನೋಡುತ್ತೆ. ಇಲ್ನೋಡಿ." ಅವಳು ಗೋಡೆಯ ಮೀಟರು ತೋರಿಸಿದಳು. ಒತ್ತಡ ಅಳೆಯುವ ಮುಳ್ಳು ಎಂದೂ ಹೋಗದ ಕಡೆಗೆ ಹೋಗಿ ಕೆಂಪು ಗೆರೆಯನ್ನು ಮುಟ್ಟುವುದರಲ್ಲಿತ್ತು. ಸಾಹೇಬರ ಮುಖದ ಬಣ್ಣ ಇಳಿಯಿತು.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳ ಕೇಳಿಸಿತು. ಬರುತ್ತಿದ್ದವನು ಕೆಳಗಿನ ದೇಶದ ಎಂಜಿನಿಯರ್. ನದಿ ಒಂದೇ, ದೇಶ ಎರಡು. ಕೆಳಗಿನವರು ಒಳಹೊಕ್ಕು ನೋಡಿ ಸಹಿ ಹಾಕಿದ ಮೇಲೆಯೇ ಜಲಾಶಯವನ್ನು ಪೂರ್ತಿ ತುಂಬಿಸಬೇಕೆಂದು ಒಪ್ಪಂದ. ಅವನೂ ಅವಳೂ ವರ್ಷವರ್ಷ ಗಂಟಲು ಒಣಗುವವರೆಗೆ ಜಗಳವಾಡಿ, ಒಂದೇ ಮೇಜಿನಲ್ಲಿ ಚಹಾ ಕುಡಿದು ಎದ್ದವರು. ಅವಳ ಪಾಲಿಗೆ ಅವನು ಕೆಳಗಿನಣ್ಣ, ಅವನ ಪಾಲಿಗೆ ಅವಳು ಮೇಲಿನ ತಂಗಿ. ಅಣೆಕಟ್ಟಿನ ಕೆಳಗೆ ಮೊದಲು ಸಿಗುವ ಊರಿನಲ್ಲೇ ಅವನ ಮನೆ.

ಸಾಹೇಬರು ಅವಳ ಕಿವಿಯ ಹತ್ತಿರ ಬಂದರು. "ಇವತ್ತೊಂದಿನ ಬಾಯಿ ಬಿಡ್ಬೇಡಿ. ಸಹಿ ಹಾಕಿ ಹೋಗ್ಲಿ, ಅವರ ಜೀಪು ಗೇಟು ದಾಟಿದ ತಕ್ಷಣ ನೀವೇ ನಿಂತು ಬಿಚ್ಚಿಸಿ. ವಿಷಯ ಗೊತ್ತಾದ್ರೆ ಇನ್ಮೇಲೆ ನಮ್ಮ ಒಂದು ಮಾತನ್ನೂ ನಂಬಲ್ಲ ಅವರು."

ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಇನ್ನೊಂದು ಗಂಟೆ ತಡವಾದರೆ ಅಣೆಕಟ್ಟು ಬಿದ್ದುಹೋಗುವುದಿಲ್ಲವೆಂದು ಅವಳಿಗೂ ಗೊತ್ತಿತ್ತು. ಆದರೆ ಜಗಳದ ನಡುವೆಯೂ ಅವಳು ಕೊಟ್ಟ ಲೆಕ್ಕವನ್ನು ಅವನು ಎಂದೂ ಮರಳಿ ಕೂಡಿ ನೋಡಿದವನಲ್ಲ. ಆ ನಂಬಿಕೆಯನ್ನು ಕಾಪಾಡಲಿಕ್ಕೆಂದೇ ಅವನಿಗೆ ಮೋಸ ಮಾಡಬೇಕೆ? ಯೋಚಿಸಿದಷ್ಟೂ ಅವಳಿಗೆ ಹೆದರಿಕೆಗಿಂತ ಸಿಟ್ಟೇ ಹೆಚ್ಚಾಯಿತು.

ಕೆಳಗಿನಣ್ಣ ರಬ್ಬರ್ ಬೂಟುಗಳನ್ನು ಕೈಯಲ್ಲಿ ಹಿಡಿದು ಬಾಗಿಲಿಗೆ ಬಂದ. "ಅಜ್ಜಿ ಆದ್ರಂತೆ! ಸಿಹಿ ಎಲ್ಲಿ?" ಎಂದು ನಗುತ್ತ ಒಳಗೆ ಇಣುಕಿದವನ ನಗೆ ಅಲ್ಲೇ ನಿಂತಿತು.

"ಬೂಟು ಬೇಕಾಗಿಲ್ಲ ಸಾರ್, ಮನೆಯೊಳಗೆ ಓಡಾಡೋ ಹಾಗೆ ಓಡಾಡಬಹುದು," ಎಂದರು ಸಾಹೇಬರು, ಇದ್ದಬದ್ದ ಧೈರ್ಯವನ್ನೆಲ್ಲ ಒಟ್ಟುಗೂಡಿಸಿ.

"ಬೂಟು ಹಾಕ್ಕೊಳ್ಳಿ ಅಣ್ಣ," ಎಂದಳು ಅವಳು. "ಕೊಳವೆಗಳನ್ನ ಮುಚ್ಚಿಬಿಟ್ಟಿದೀವಿ. ಈಗಲೇ ಬಿಚ್ಚಬೇಕು. ನೀವೂ ಕೈ ಹಾಕಿದ್ರೆ ಬೇಗ ಆಗುತ್ತೆ."

"ಮುಚ್ಚಿದ್ದು ಯಾರು?"

"ನಾವು."

ಅವಳು ಸಾಹೇಬರ ಕಡೆ ತಿರುಗಿಯೂ ನೋಡಲಿಲ್ಲ. ಕೆಳಗಿನಣ್ಣ ಅವಳನ್ನು ದುರುಗುಟ್ಟಿಕೊಂಡು ನೋಡಿದ. "ನನ್ನ ಮೊಮ್ಮಕ್ಕಳು ಇದರ ಕೆಳಗಿದ್ದಾರೆ, ತಂಗಿ."

"ಗೊತ್ತು. ಅದಕ್ಕೇ ಹೇಳ್ತಿರೋದು."

ಅವನು ಮೆಟ್ಟಿಲ ಮೇಲೆ ಕೂತು ಬೂಟು ಏರಿಸಿದ. ಇಬ್ಬರೂ ಇಕ್ಕಳ ಹಿಡಿದು ಮೊದಲ ಬಿರಡೆಯನ್ನು ಎಳೆದರು. ಅದು ಬಂದೂಕಿನ ಗುಂಡಿನ ಹಾಗೆ ಹಾರಿ ಎದುರುಗೋಡೆಗೆ ಬಡಿಯಿತು. ಹಿಂದೆಯೇ ಚಿಮ್ಮಿದ ತುಕ್ಕುಬಣ್ಣದ ನೀರು ತಿಳಿನೀಲಿ ಗೋಡೆಯನ್ನೂ ಅವನ ಬಿಳಿ ಅಂಗಿಯನ್ನೂ ತೋಯಿಸಿತು. ಎರಡನೆಯದಕ್ಕೆ ಕೈ ಹಾಕುವ ಹೊತ್ತಿಗೆ ಪಕ್ಕದಲ್ಲಿ ಇನ್ನೊಂದು ಜೊತೆ ಕೈ ಕಾಣಿಸಿತು. ಸಾಹೇಬರು ಇಸ್ತ್ರಿ ಮಾಡಿದ ಪ್ಯಾಂಟನ್ನು ಮೊಣಕಾಲವರೆಗೆ ಮಡಚಿಕೊಂಡಿದ್ದರು. ಇಬ್ಬರೂ ಸರಿದು ಅವರಿಗೆ ಜಾಗ ಬಿಟ್ಟುಕೊಟ್ಟರು. ಕೊನೆಯ ಕೊಳವೆ ಬಾಯಿ ತೆರೆದಾಗ ಮೂವರೂ ಕೆರೆಯಿಂದ ಎದ್ದು ಬಂದವರ ಹಾಗಿದ್ದರು.

"ಇಳೀತಿದೆ! ಮುಳ್ಳು ಇಳೀತಿದೆ!" ಎಂದು ಮಕ್ಕಳ ಹಾಗೆ ಕೂಗಿದವರು ಸಾಹೇಬರೇ.

ಮುಳ್ಳು ತನ್ನ ಹಳೆಯ ಜಾಗಕ್ಕೆ ಬಂದು ನಿಲ್ಲುವವರೆಗೆ ಕೆಳಗಿನಣ್ಣ ಅಲ್ಲಿಂದ ಕದಲಲಿಲ್ಲ. ಆಮೇಲೆ ಹೇಳಿದ, "ಇವತ್ತು ಸಹಿ ಹಾಕಲ್ಲ. ಒಂದು ವಾರ ನೀರು ಏರಿಸ್ಬೇಡಿ, ಮತ್ತೆ ಬಂದು ನೋಡ್ತೀನಿ. ಆಗಿದ್ದನ್ನ ಆಗಿದ್ದ ಹಾಗೇ ಬರೀತೀನಿ."

"ನೀವು ಸಹಿ ಹಾಕ್ತೀನಿ ಅಂದಿದ್ರೂ ನಾನು ಏರಿಸ್ತಿರಲಿಲ್ಲ," ಎಂದಳು ಅವಳು, ಸೆರಗು ಹಿಂಡುತ್ತ. ಅವನು ಮತ್ತೆ ನಕ್ಕ.

ಮೇಲೆ ಬಿಸಿಲಿಗೆ ಬಂದಾಗ ಅವನ ಮೊಬೈಲು ರಿಂಗಣಿಸಿತು. ಅಣೆಕಟ್ಟು ಹೇಗಿದೆಯೆಂದು ಹೆಂಡತಿ ಕೇಳುತ್ತಿದ್ದಳು. ಅವನು ತೊಯ್ದ ಅಂಗಿಯನ್ನು ಜಾಡಿಸಿಕೊಳ್ಳುತ್ತ ಹೇಳಿದ, "ಸೋರ್ತಾ ಇದೆ ಕಣೇ, ಚೆನ್ನಾಗಿ ಸೋರ್ತಾ ಇದೆ. ಮಕ್ಕಳು ಹೊಳೆಗೆ ಇಳೀತೀವಿ ಅಂದ್ರೆ ಬಿಡು."